ಸರ್ಕಾರಿ ಶಾಲೆಯ ಮನೆ ಅಳಿಯ

ನಮ್ಮ ಯಾವುದೇ ಸರ್ಕಾರಿ ಪ್ರೌಢಶಾಲೆಗೆ ಹೋಗಿ, ಇಡೀ ಕಟ್ಟಡದಲ್ಲಿ ಸೋರದ ಕೋಣೆ ಯಾವುದು ಅಂತ ಕಂಡುಹಿಡಿಯುವುದಕ್ಕೆ ಪಿಡಬ್ಲ್ಯುಡಿ ಎಂಜಿನಿಯರನ್ನು ಕರೆಸಬೇಕಿಲ್ಲ. ಮರದ ಬಾಗಿಲಿನ ಮುಂದೆ ಇನ್ನೊಂದು ಕಬ್ಬಿಣದ ಬಾಗಿಲು ಇರುವ ಕೋಣೆ ಹುಡುಕಿದರೆ ಸಾಕು. ಕಿಟಕಿಗೆ ಜಾಲರಿ, ಬಾಗಿಲಿಗೆ ಎರಡು ಬೀಗ, ನೆಲಕ್ಕೆ ಟೈಲ್ಸು, ಮೇಲೆ ನಿಜವಾಗಿಯೂ ತಿರುಗುವ ಫ್ಯಾನು. ಪಕ್ಕದ ಎಂಟನೇ ‘ಬಿ’ ಸೆಕ್ಷನ್ನಿನ ಮಕ್ಕಳು ಮಳೆ ಬಂತೆಂದರೆ ಬೆಂಚು ಎಳೆದಾಡಿಕೊಂಡು ಒಣಗಿದ ಮೂಲೆ ಹುಡುಕುತ್ತಿರುತ್ತಾರೆ. ಇಲ್ಲಿ ಮಾತ್ರ ಹತ್ತು ಕಂಪ್ಯೂಟರುಗಳು ಹೂವಿನ ಚಿತ್ತಾರದ ಹೊದಿಕೆ ಹೊದ್ದು ಬೆಚ್ಚಗೆ ಮಲಗಿರುತ್ತವೆ. ಹೊರಗೊಂದು ಬೋರ್ಡು: ‘ಪಾದರಕ್ಷೆಗಳನ್ನು ಹೊರಗೆ ಬಿಡಿ’. ಅದರ ಕೆಳಗೆ ಇನ್ನೊಂದು: ‘ಅನುಮತಿ ಇಲ್ಲದೆ ಪ್ರವೇಶವಿಲ್ಲ’. ಅನುಮತಿ ಕೊಡಬೇಕಾದವರು ಹೆಡ್‌ಮೇಷ್ಟ್ರು. ಅವರು ಬಿಇಒ ಆಫೀಸಿನ ಮೀಟಿಂಗಿಗೆ ಹೋಗಿದ್ದಾರೆ. ಬೀಗದಕೈ ಅವರ ಜೇಬಿನಲ್ಲಿದೆ.

ಕಂಪ್ಯೂಟರು ನಮ್ಮ ಶಾಲೆಗಳಿಗೆ ಬಂದಿರುವುದು ಮನೆ ಅಳಿಯನಾಗಿ. ಇರುವುದರಲ್ಲಿ ಒಳ್ಳೆಯ ಕೋಣೆ ಅವನದು. ಕೆಲಸ ಹೇಳುವ ಹಾಗಿಲ್ಲ, ಬೇಜಾರು ಮಾಡಿಕೊಳ್ಳುತ್ತಾನೆ. ಸೆಕೆ ಆಗಬಾರದು, ದೂಳು ತಾಗಬಾರದು, ಮಕ್ಕಳು ಮೈಮೇಲೆ ಬೀಳಬಾರದು. ಬೀಗರು ಬರುವ ದಿನ ಮಾತ್ರ ಎಬ್ಬಿಸಿ, ಮುಖ ತೊಳೆಸಿ, ಪಡಸಾಲೆಯಲ್ಲಿ ಕೂರಿಸಬೇಕು. ಇಲ್ಲಿ ಬೀಗರೆಂದರೆ ಡಿಡಿಪಿಐ ಸಾಹೇಬರು. ಅವರು ಬರುವ ಹಿಂದಿನ ದಿನ ಹೊದಿಕೆಗಳನ್ನು ಒಗೆದು ಒಣಗಿಸುತ್ತಾರೆ. ತರಗತಿಯ ಜಾಣ ಹುಡುಗಿಯೊಬ್ಬಳನ್ನು ಮುಂದೆ ಕೂರಿಸಿ ‘ಪೇಂಟ್’ನಲ್ಲಿ ರಾಷ್ಟ್ರಧ್ವಜ ಬರೆಯುವ ತಾಲೀಮು ಮಾಡಿಸುತ್ತಾರೆ. ಮಾರನೇ ದಿನ ಸಾಹೇಬರ ಎದುರಿಗೆ ಕೇಸರಿ ಬಂತು, ಬಿಳಿ ಬಂತು, ಹಸಿರೂ ಬಂತು, ಅಶೋಕ ಚಕ್ರಕ್ಕೆ ಇಪ್ಪತ್ತನಾಲ್ಕು ಗೆರೆ ಎಳೆಯುವಷ್ಟರಲ್ಲಿ ಕರೆಂಟು ಹೋಯಿತು. ಸಾಹೇಬರು ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು. ಪರಿವೀಕ್ಷಣಾ ವರದಿಯಲ್ಲಿ ‘ಗಣಕ ಶಿಕ್ಷಣ ತೃಪ್ತಿಕರ’ ಎಂದು ಬರೆದದ್ದಾಯಿತು.

ಕರೆಂಟಿನ ಕತೆ ಬೇರೆಯೇ ಇದೆ. ಯುಪಿಎಸ್ ಇರುತ್ತದೆ, ಬ್ಯಾಟರಿಗಳೂ ಇರುತ್ತವೆ. ಆದರೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದಕ್ಕೆ ಯಾವ ಲೆಕ್ಕಶೀರ್ಷಿಕೆಯಲ್ಲಿ ದುಡ್ಡು ತೆಗೆಯಬೇಕು ಅಂತ ಯಾರಿಗೂ ತಿಳಿಯದ ಕಾರಣ ಅವು ಎರಡನೇ ಬೇಸಿಗೆಗೆ ಬತ್ತಿಹೋಗುತ್ತವೆ. ಬಿಲ್ಲು ಕಟ್ಟಿಲ್ಲವೆಂದು ಶಾಲೆಗಳ ಫ್ಯೂಸು ಕಿತ್ತುಕೊಂಡು ಹೋದ ಕಾಲವೂ ಇತ್ತು. ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಎಂದು ಸರ್ಕಾರ ಘೋಷಿಸಿದ್ದು 2023ರ ರಾಜ್ಯೋತ್ಸವದ ದಿನ. ಅಂದರೆ ಮೊದಲು ಕಂಪ್ಯೂಟರು ಬಂತು, ಅದಾಗಿ ಎರಡು ದಶಕಕ್ಕೆ ಅದರ ಊಟದ ವ್ಯವಸ್ಥೆ ಆಯಿತು. ನಮ್ಮ ಇಲಾಖೆಗೆ ಆತುರ ಯಾವುದರಲ್ಲಿ, ನಿಧಾನ ಯಾವುದರಲ್ಲಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಮಕ್ಕಳು ಕಂಪ್ಯೂಟರು ಕಲಿಯುವುದೇ ಇಲ್ಲವೆ? ಕಲಿಯುತ್ತಾರೆ, ನೋಟ್‌ಬುಕ್ಕಿನಲ್ಲಿ. ‘ಗಣಕಯಂತ್ರದ ಪಿತಾಮಹ ಯಾರು?’ ‘ಚಾರ್ಲ್ಸ್ ಬ್ಯಾಬೇಜ್’. ‘ಇನ್‌ಪುಟ್ ಸಾಧನಗಳು ಯಾವುವು?’ ‘ಕೀಬೋರ್ಡ್, ಮೌಸ್, ಸ್ಕ್ಯಾನರ್ ಇತ್ಯಾದಿ’. ‘ಮೌಸಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’. ಮಕ್ಕಳು ಪೆನ್ಸಿಲು ಚೂಪು ಮಾಡಿಕೊಂಡು, ಸ್ಕೇಲಿನಿಂದ ಬಾಣದ ಗುರುತು ಎಳೆದು, ಎಡಗುಂಡಿ, ಬಲಗುಂಡಿ, ನಡುವಿನ ಚಕ್ರ ಎಂದು ಹೆಸರು ಬರೆಯುತ್ತಾರೆ. ಬಾಲಕ್ಕೆ ಮಾತ್ರ ಹೆಸರಿಲ್ಲ. ಹೀಗೆ ಬರೆದ ಚಿತ್ರಕ್ಕೆ ಕೆಂಪು ಮಸಿಯಲ್ಲಿ ‘ಗುಡ್’ ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಿಜ ಹೇಳಬೇಕೆಂದರೆ ಚಿತ್ರ ಚೆನ್ನಾಗಿಯೇ ಇತ್ತು. ಮೌಸು ಇದ್ದದ್ದು ಆ ಹುಡುಗನಿಂದ ಒಂದು ಗೋಡೆಯಾಚೆಗೆ.

ಬೀಗ ತೆಗೆದ ಅಪರೂಪದ ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲೇ ಕೂತು ಅಧ್ಯಯನ ಮಾಡಿದವರಿದ್ದಾರೆ. 2005ರಲ್ಲಿ ಇಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಕಟ್ಟುವುದಕ್ಕೆ ಬಂದವರಲ್ಲಿ ಒಬ್ಬರಾದ ಕೆಂಟಾರೊ ತೊಯಾಮ ಮತ್ತು ಅವರ ಬಳಗ ನಮ್ಮ ಹಳ್ಳಿಶಾಲೆಗಳನ್ನು ಸುತ್ತಿದರು. ಕಂಡದ್ದು ಇಷ್ಟು: ಒಂದು ಕಂಪ್ಯೂಟರಿನ ಸುತ್ತ ನಾಲ್ಕೈದು ಮಕ್ಕಳು. ಮೌಸು ಒಬ್ಬನ ಕೈಯಲ್ಲಿ. ಅವನು ಸಾಮಾನ್ಯವಾಗಿ ತರಗತಿಯಲ್ಲಿ ಎತ್ತರದವನು, ಊರಲ್ಲಿ ಅಪ್ಪನಿಗೆ ನಾಲ್ಕು ಎಕರೆ ಹೆಚ್ಚು ಇರುವವನು. ಮಿಕ್ಕವರು, ಅದರಲ್ಲೂ ಹುಡುಗಿಯರು, ಭುಜದ ಮೇಲಿಂದ ಇಣುಕುವವರು. ಊರಿನ ಪಂಚಾಯಿತಿಯಲ್ಲಿ ನಡೆಯುವುದೇ ಪರದೆಯ ಮುಂದೆಯೂ ನಡೆಯುತ್ತಿತ್ತು. ಎಂಜಿನಿಯರುಗಳಲ್ಲವೆ, ಅವರು ಪರಿಹಾರ ಕಂಡುಹಿಡಿದರು: ಒಂದೇ ಕಂಪ್ಯೂಟರಿಗೆ ನಾಲ್ಕೈದು ಮೌಸು, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಾಣ. ಚೆನ್ನಾಗಿಯೇ ಓಡಿತು, ಮಕ್ಕಳು ಕುಣಿದಾಡಿದರು. ಆದರೆ ಈ ಸಂಶೋಧಕರು ನಿಯತ್ತಿನವರು. ಪ್ರಯೋಗದ ಕೋಣೆಯಿಂದ ಹೊರಬಿದ್ದ ಕೂಡಲೇ ಇವೆಲ್ಲ ಯಾಕೆ ಸೊರಗುತ್ತವೆ ಎಂದು ಯೋಚಿಸಿದ ತೊಯಾಮ, 2015ರಲ್ಲಿ ಅದನ್ನೇ ಪುಸ್ತಕ ಮಾಡಿದರು. ಅವರ ವಾದದ ತಿರುಳು: ಯಂತ್ರ ಇರುವುದನ್ನು ಹೆಚ್ಚು ಮಾಡುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಒಳ್ಳೆಯ ಮೇಷ್ಟ್ರ ಕೈಗೆ ಸಿಕ್ಕರೆ ಒಳ್ಳೆಯದು ಬೆಳೆಯುತ್ತದೆ. ಮೇಷ್ಟ್ರೇ ಇಲ್ಲದ ಕಡೆ, ಮೇಷ್ಟ್ರು ಇಲ್ಲದಿರುವುದು ಇನ್ನಷ್ಟು ಎದ್ದು ಕಾಣುತ್ತದೆ.

ಯಂತ್ರದ ಮೇಲೆ ಈ ಭಕ್ತಿ ಇವತ್ತಿನದಲ್ಲ. ಥಾಮಸ್ ಎಡಿಸನ್ 1913ರಲ್ಲೇ ಶಾಲೆಯ ಪುಸ್ತಕಗಳಿಗೆ ತಿಲಾಂಜಲಿ ಕೊಟ್ಟಿದ್ದ. ಇನ್ನು ಮಕ್ಕಳು ಸಿನಿಮಾ ನೋಡಿಯೇ ಕಲಿಯುತ್ತಾರೆ, ಹತ್ತು ವರ್ಷದಲ್ಲಿ ಶಾಲೆಗಳ ಸ್ವರೂಪವೇ ಬದಲಾಗುತ್ತದೆ ಎಂದಿದ್ದ. ಪ್ರೊಜೆಕ್ಟರು ಮಾರುವವನು ಇನ್ನೇನು ಹೇಳಿಯಾನು? ಹತ್ತು ವರ್ಷ ಕಳೆಯಿತು, ನೂರೂ ಕಳೆಯಿತು. ಸಿನಿಮಾದಿಂದ ಮಕ್ಕಳು ಏನು ಕಲಿತರೆಂಬುದು ನಮಗೆಲ್ಲ ಗೊತ್ತೇ ಇದೆ. ತ್ರಿಕೋನಮಿತಿಯಂತೂ ಅಲ್ಲ.

ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಿರಿಯರನ್ನು ಕೇಳಿ. 1975ರ ಆಗಸ್ಟಿನಲ್ಲಿ ಅಲ್ಲಿಯ ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಪಾಠ ಬಂತು. ಅಮೆರಿಕದ ಉಪಗ್ರಹ, ಇಸ್ರೋ ಕಟ್ಟಿದ ವ್ಯವಸ್ಥೆ, ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆ, ಮೇಲೆ ಕೋಳಿಗೂಡಿನ ತಂತಿ ಬಲೆಯಿಂದ ಮಾಡಿದ ದೊಡ್ಡ ಆಂಟೆನಾ. ಬೆಂಗಳೂರಿನ ಸಾಹುಕಾರರ ಮನೆಯಲ್ಲೂ ಟಿವಿ ಇಲ್ಲದ ಕಾಲದಲ್ಲಿ ಸುರಪುರ ಸೀಮೆಯ ಹುಡುಗರು ಬೆಳಿಗ್ಗೆ ಶಾಲೆಯಲ್ಲಿ ಟಿವಿ ನೋಡಿದರು. ಆ ಎಂಜಿನಿಯರುಗಳ ಸಾಧನೆಯ ಬಗ್ಗೆ ನನಗೆ ಕಿಂಚಿತ್ತೂ ವ್ಯಂಗ್ಯವಿಲ್ಲ. ಆದರೆ ಸರಿಯಾಗಿ ಒಂದು ವರ್ಷಕ್ಕೆ, 1976ರ ಜುಲೈ 31ಕ್ಕೆ, ಉಪಗ್ರಹದ ಸಾಲದ ಅವಧಿ ತೀರಿತು. ಅಮೆರಿಕ ತನ್ನದನ್ನು ತಾನು ವಾಪಸು ಒಯ್ದಿತು. ಸ್ಲೇಟು ಬಳಪವನ್ನು ಹೀಗೆ ಯಾರೂ ವಾಪಸು ಕೇಳಿದ ದಾಖಲೆಯಿಲ್ಲ.

ಮುಂದೆ 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಹಾಕಿ, ಮೊದಲ ಕಂತಿನಲ್ಲಿ ದೇಶದ ಇನ್ನೂರೈವತ್ತರ ಹತ್ತಿರ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಇಂಗ್ಲಿಷ್ ಕಂಪ್ಯೂಟರು ಹಂಚಿತು. ಅದರ ನೆನಪಿನ ಶಕ್ತಿ 32 ಕಿಲೋಬೈಟ್. ನಿಮ್ಮ ಸೋದರಮಾವ ಬೆಳಿಗ್ಗೆ ಕಳಿಸುವ ಗುಡ್ ಮಾರ್ನಿಂಗ್ ಗುಲಾಬಿ ಅದರೊಳಗೆ ಹಿಡಿಸುವುದಿಲ್ಲ. ಅದೂ ಕಬ್ಬಿಣದ ಬೀರು ಸೇರಿತು. ಹೊಸ ಶತಮಾನದ ಹೊಸ್ತಿಲಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ‘ಮಾಹಿತಿ ಸಿಂಧು’ ತಂದು ಸಾವಿರ ಪ್ರೌಢಶಾಲೆಗಳಲ್ಲಿ ಕಂಪ್ಯೂಟರು ಕಲಿಸುವ ಕೆಲಸವನ್ನು ಖಾಸಗಿ ತರಬೇತಿ ಕಂಪನಿಗಳಿಗೆ ವಹಿಸಿತು. 2004ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತು, ಅದರ ಮೊದಮೊದಲ ಪ್ರಯೋಗಕ್ಕೆ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳ ಮಾಡಿನ ಮೇಲೆ ಬಿಳಿ ಡಿಷ್ ಕೂತವು. 2010ರಲ್ಲಿ ಉಪಗ್ರಹ ನಿವೃತ್ತಿಯಾಯಿತು.

ಈ ಎಲ್ಲದರಲ್ಲಿ ನನಗೆ ಬಹಳ ಪ್ರಿಯವಾದದ್ದು ಕಂಪನಿಗಳ ಜೊತೆಗಿನ ಆ ಒಪ್ಪಂದದ ಬಗೆ. ಆಡಳಿತದ ಭಾಷೆಯಲ್ಲಿ ಅದಕ್ಕೆ ‘ಬೂಟ್’ ಮಾದರಿ ಅಂತಾರೆ. ಕಂಪನಿಯೇ ಕೋಣೆ ಸಜ್ಜು ಮಾಡುತ್ತದೆ, ಕಂಪ್ಯೂಟರು ಅದರದ್ದೇ, ಕಲಿಸುವ ಹುಡುಗನೂ ಅದರವನೇ, ಸರ್ಕಾರ ಕಂತಿನಲ್ಲಿ ದುಡ್ಡು ಕಟ್ಟುತ್ತದೆ. ಐದು ವರ್ಷ ಆದಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಕಂಪನಿ ಕೈತೊಳೆದುಕೊಳ್ಳುತ್ತದೆ. ಐದು ವರ್ಷದ ಕಂಪ್ಯೂಟರು ಎಂದರೆ ಏನೆಂದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹಳೇ ಸಾಮಾನು ಕೊಳ್ಳುವವನನ್ನು ಕೇಳಬೇಕು. ಒಪ್ಪಿಸುವ ದಿನ ಯಂತ್ರ ಇರುತ್ತದೆ, ಪಾಸ್‌ವರ್ಡ್ ಇರುವುದಿಲ್ಲ. ಪಾಸ್‌ವರ್ಡ್ ಗೊತ್ತಿದ್ದ ಹುಡುಗ ಸಂಬಳ ಸಾಲದೆ ಎರಡು ವರ್ಷದ ಹಿಂದೆಯೇ ಬೆಂಗಳೂರಿಗೆ ಹೋಗಿ ಕಾಲ್ ಸೆಂಟರ್ ಸೇರಿದ್ದಾನೆ. ಶಾಲೆಯ ಕಾಯಂ ಮೇಷ್ಟ್ರುಗಳು ಐದು ವರ್ಷವೂ ಆ ಕೋಣೆ ತಮ್ಮದಲ್ಲವೆಂದು ದೂರವೇ ಇದ್ದವರು. ಈಗ ಯಂತ್ರಗಳು ಶಾಲೆಯ ಆಸ್ತಿ. ಅಂದರೆ ದಾಸ್ತಾನು ವಹಿಯಲ್ಲಿ ನಮೂದಾದ ಆಸ್ತಿ. ಇನ್ನು ಅವನ್ನು ಎಸೆಯುವುದಕ್ಕೆ ಸಮಿತಿ ಬೇಕು, ಪ್ರಮಾಣಪತ್ರ ಬೇಕು, ಮೇಲಿನವರ ಮಂಜೂರಾತಿ ಬೇಕು. ಹೆಡ್‌ಮೇಷ್ಟ್ರು ನಿವೃತ್ತರಾಗುವಾಗ ಚಾರ್ಜ್ ಕೊಡಬೇಕಲ್ಲ, ಆಗ ಹತ್ತು ಸತ್ತ ಮಾನಿಟರು, ಒಂಬತ್ತು ಕೀಬೋರ್ಡು ಲೆಕ್ಕಕ್ಕೆ ಸಿಗುತ್ತವೆ. ಹತ್ತನೆಯ ಕೀಬೋರ್ಡಿಗಾಗಿ ಪಾಪ ಆ ಮನುಷ್ಯ ಪಿಂಚಣಿ ಕಾಗದ ಕೈಯಲ್ಲಿ ಹಿಡಿದು ಗುಜರಿ ಅಂಗಡಿ ಸುತ್ತುತ್ತಾರೆ. ಕಂಪ್ಯೂಟರಿನಿಂದ ಶಾಲೆಯಲ್ಲಿ ಯಾರಾದರೂ ಪಾಠ ಕಲಿತಿದ್ದರೆ ಅವರೇ.

ಅದೇ ಹೊತ್ತಿಗೆ ಪಕ್ಕದ ಕೇರಳ ‘ಐಟಿ@ಸ್ಕೂಲ್’ ಶುರು ಮಾಡಿತ್ತು. ಅವರು ಕಂಪನಿಯ ಹುಡುಗರನ್ನು ಕರೆಯಲಿಲ್ಲ, ಇದ್ದ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟರು. ಕಂಪನಿಯ ತಂತ್ರಾಂಶ ಬಿಟ್ಟು ಪುಕ್ಕಟೆ ಸಿಗುವ ಸ್ವತಂತ್ರ ತಂತ್ರಾಂಶವನ್ನು ಮಲಯಾಳಕ್ಕೆ ಒಗ್ಗಿಸಿಕೊಂಡರು, ಎಸ್ಸೆಸ್ಸೆಲ್ಸಿಗೆ ಅದರಲ್ಲೇ ಪರೀಕ್ಷೆ ಇಟ್ಟರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಎರಡೂ ರಾಜ್ಯಗಳ ಯೋಜನೆ ಹೋಲಿಸಿ ನೋಡಿ, ಕೇರಳದ್ದು ಬೇರುಬಿಟ್ಟಿದೆ, ನಮ್ಮದು ಬಿಟ್ಟಿಲ್ಲ ಎಂದು ವರದಿ ಬರೆಯಿತು. ದೇಶದ ಐಟಿ ರಾಜಧಾನಿ ನಮ್ಮದು, ಐಟಿ ಕಲಿತದ್ದು ಅವರ ಮೇಷ್ಟ್ರುಗಳು. ಕಾವೇರಿ, ಮಹದಾಯಿ ವಿಷಯದಲ್ಲಿ ಬೀದಿಗಿಳಿಯುವ ನಮ್ಮ ಅಭಿಮಾನ ಇಂಥದ್ದಕ್ಕೆ ಯಾಕೋ ಕೆರಳುವುದಿಲ್ಲ.

ಹೊರದೇಶದವರೂ ಏನು ಕಡಿಮೆಯಿಲ್ಲ. 2005ರಲ್ಲಿ ಎಂಐಟಿಯ ನಿಕೊಲಾಸ್ ನೆಗ್ರೊಪಾಂಟೆ ಎಂಬ ಮಹಾಶಯರು ಬಡದೇಶದ ಮಗುವಿಗೊಂದು ನೂರು ಡಾಲರಿನ ಲ್ಯಾಪ್‌ಟಾಪು ಎಂದು ಹೊರಟರು. ಕರೆಂಟಿಲ್ಲದಿದ್ದರೆ ಹಿಡಿ ತಿರುಗಿಸಿ ಚಾರ್ಜ್ ಮಾಡಬಹುದಿತ್ತು. ಟ್ಯುನಿಸ್‌ನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅದನ್ನು ತಿರುಗಿಸಿ ತೋರಿಸುವಾಗ ಹಿಡಿ ಕೈಗೇ ಕಿತ್ತು ಬಂತು. ಪೆರು ದೇಶ ಆದರೂ ಹಿಂಜರಿಯದೆ ಎಂಟು ಲಕ್ಷಕ್ಕೂ ಮಿಕ್ಕಿ ಕೊಂಡಿತು. 2012ರಲ್ಲಿ ಅಮೆರಿಕ ಖಂಡದ ಅಭಿವೃದ್ಧಿ ಬ್ಯಾಂಕಿನವರು ಅಲ್ಲಿಯ ಮಕ್ಕಳನ್ನು ಪರೀಕ್ಷಿಸಿ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ಏನೂ ವ್ಯತ್ಯಾಸವಿಲ್ಲ. ಮಕ್ಕಳು ಲ್ಯಾಪ್‌ಟಾಪು ಬಳಸುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದರು.

ಇಲ್ಲಿ ನಮ್ಮ ದೆಹಲಿಯ ಶಿಕ್ಷಣ ಸಚಿವಾಲಯಕ್ಕೆ ಒಂದು ನಮಸ್ಕಾರ ಸಲ್ಲಬೇಕು. 2006ರಲ್ಲಿ ಅದು ಈ ಲ್ಯಾಪ್‌ಟಾಪನ್ನು ಬೇಡ ಎಂದು ಖಡಾಖಂಡಿತವಾಗಿ ತಿರಸ್ಕರಿಸಿತ್ತು. ಬೋಧನೆಯ ದೃಷ್ಟಿಯಿಂದಲೇ ಇದು ಅನುಮಾನಾಸ್ಪದ, ಆ ದುಡ್ಡಿಗೆ ಬೇರೆ ಒಳ್ಳೆಯ ದಾರಿಗಳಿವೆ ಎಂದು ಕಾರಣವನ್ನೂ ಕೊಟ್ಟಿತ್ತು. ಎಷ್ಟು ವಿವೇಕದ ಮಾತು! ವಿವೇಕ ನಾಲ್ಕು ವರ್ಷ ಬಾಳಿತು. 2010ರಲ್ಲಿ ಅದೇ ಸಚಿವಾಲಯದ ಕಪಿಲ್ ಸಿಬಲ್ ಅವರು ಮೂವತ್ತೈದು ಡಾಲರಿನ ಸ್ವದೇಶಿ ಟ್ಯಾಬ್ಲೆಟ್ಟನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು, ಮರುವರ್ಷ ಅದು ‘ಆಕಾಶ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಪರಕೀಯರ ನೂರು ಡಾಲರು ಅನುಮಾನಾಸ್ಪದ, ನಮ್ಮದೇ ಮೂವತ್ತೈದು ಡಾಲರು ಕ್ರಾಂತಿ. ಬೆರಳಿನಿಂದ ಜೋರಾಗಿ ಒತ್ತಿದರಷ್ಟೇ ಮಾತು ಕೇಳುತ್ತಿದ್ದ ಆ ಪರದೆ ಕೆಲವೇ ವರ್ಷಗಳಲ್ಲಿ ಸದ್ದಿಲ್ಲದೆ ನೆಲಕ್ಕಿಳಿಯಿತು.

ಕಂಪ್ಯೂಟರಿನಿಂದ ಏನೂ ಆಗುವುದೇ ಇಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ವಡೋದರದ ಪಾಲಿಕೆ ಶಾಲೆಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸಿ ಲೆಕ್ಕದ ಆಟ ಆಡಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಅಳೆದು ನೋಡಿದಾಗ ಗಣಿತದ ಅಂಕ ಚೆನ್ನಾಗಿಯೇ ಏರಿತ್ತು. ಅವರ ಜೊತೆಗಾರ ಲೀ ಲಿಂಡನ್ ಗುಜರಾತಿನಲ್ಲೇ ಇನ್ನೊಂದು ಪ್ರಯೋಗ ಮಾಡಿದ. ಶಾಲೆ ಬಿಟ್ಟಮೇಲೆ ಹೆಚ್ಚುವರಿಯಾಗಿ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿಸಿದ ಕಡೆ, ಹಿಂದುಳಿದ ಮಕ್ಕಳು ಸುಧಾರಿಸಿದರು. ಮೇಷ್ಟ್ರ ಪಾಠದ ಗಂಟೆಯನ್ನೇ ಕಸಿದುಕೊಂಡು ಕಂಪ್ಯೂಟರಿಗೆ ಕೊಟ್ಟ ಕಡೆ, ಮಕ್ಕಳ ಅಂಕ ಇಳಿಯಿತು. ಸರ್ಕಾರಗಳು ಈ ಸಂಶೋಧನೆಯಿಂದ ಕಲಿತದ್ದೇನೆಂದರೆ, ಕಂಪ್ಯೂಟರು ಕೊಂಡರೆ ನೊಬೆಲ್ ಬಂದವರ ಹೆಸರು ಹೇಳಬಹುದು ಎಂಬುದಷ್ಟೆ.

ಇನ್ನೂ ಹತ್ತಿರದ ಸಾಕ್ಷಿ ಬೇಕಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ಇದೆ. ಸಾಫ್ಟ್‌ವೇರಿನಿಂದ ಬಂದ ಸಂಪತ್ತು, ಶುರುವಿನ ವರ್ಷಗಳಲ್ಲಿ ಶಾಲೆಗಳಿಗೆ ಕಂಪ್ಯೂಟರು ಪಾಠದ ಸಿಡಿಗಳನ್ನು ಅವರೂ ಹಂಚಿದರು. ಕೆಲವು ವರ್ಷ ಕೆಲಸ ಮಾಡಿ, ಇದರಿಂದ ಕಲಿಕೆಯ ಗುಣಮಟ್ಟದಲ್ಲಿ ಗಟ್ಟಿಯಾದ ಬದಲಾವಣೆ ಏನೂ ಬರುತ್ತಿಲ್ಲ ಎಂದು ಅದರ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕೆಯಲ್ಲೇ ಬರೆದರು, ಸಂಸ್ಥೆ ಮೇಷ್ಟ್ರುಗಳ ಕಡೆ ತಿರುಗಿತು. ಕಂಪ್ಯೂಟರಿನಿಂದ ಕುಬೇರರಾದವರೇ ‘ಇದರಿಂದ ಆಗುವುದಿಲ್ಲ, ಮೇಷ್ಟ್ರುಗಳನ್ನು ತಯಾರು ಮಾಡೋಣ’ ಅಂದರೆ, ಕಂಪ್ಯೂಟರು ಆನ್ ಮಾಡುವುದಕ್ಕೆ ಅಟೆಂಡರನ್ನು ಕರೆಯುವ ಅಧಿಕಾರಿಗಳು ‘ಇಲ್ಲ, ಆಗುತ್ತದೆ’ ಎನ್ನುತ್ತಾರೆ. ಯಾರನ್ನು ನಂಬುವುದು?

ಒಂದು ಕಡೆ ಮಾತ್ರ ಶಾಲೆಯ ಕಂಪ್ಯೂಟರು ಹಗಲೂ ರಾತ್ರಿ ದುಡಿಯುತ್ತದೆ. ಅದು ಹೆಡ್‌ಮೇಷ್ಟ್ರ ಮೇಜಿನ ಮೇಲಿರುವುದು. ಅದೂ ಕೆಟ್ಟಿದ್ದರೆ ಮೇಷ್ಟ್ರ ಸ್ವಂತ ಮೊಬೈಲು, ಸ್ವಂತ ಡೇಟಾ. ಸ್ಯಾಟ್ಸ್‌ಗೆ ಮಕ್ಕಳ ಹಾಜರಿ ಮತ್ತು ಅಂಕ, ಯು-ಡೈಸ್‌ಗೆ ಶೌಚಾಲಯದ ಬಾಗಿಲಿನ ಲೆಕ್ಕ, ಬಿಸಿಯೂಟಕ್ಕೆ ಎಷ್ಟು ಮಕ್ಕಳು, ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು. ಆಮೇಲೆ ಬಂತು ‘ಅಪಾರ್’ ಗುರುತು. ಆಧಾರಿನಲ್ಲಿ ‘ಮಂಜುನಾಥ’, ಶಾಲೆಯ ದಾಖಲಾತಿಯಲ್ಲಿ ‘ಮಂಜುನಾಥ ಎಚ್’. ಆ ‘ಎಚ್’ ಒಪ್ಪಿಕೊಳ್ಳದ ಸರ್ವರು ಮಂಜುನಾಥನನ್ನು ಶಾಲೆಗೆ ಬಂದಿಲ್ಲದವನಂತೆ ನೋಡುತ್ತದೆ. ಅವನು ಎದುರಿನ ಬೆಂಚಿನಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದಾನೆ.

ಗದಗ ಸೀಮೆಯ ಒಂದು ಶಾಲೆಯಲ್ಲಿ ಭಿನ್ನರಾಶಿ ಪಾಠ ನಡೆದಿತ್ತು. ಮೇಷ್ಟ್ರು ಹಲಗೆಯ ಮೇಲೆ ಅರ್ಧ ರೊಟ್ಟಿ ಬರೆದು, ಅದರ ಅರ್ಧ ಎಷ್ಟು ಅಂತ ಕೇಳುವಷ್ಟರಲ್ಲಿ ಸಿಆರ್‌ಪಿ ಫೋನು ಬಂತು.

‘ಸರ, ನಿಮ್ಮ ಸಾಲಿದು ಇನ್ನಾ ಎಂಟ್ರಿ ಆಗಿಲ್ರಿ. ತಾಲೂಕಿನ್ಯಾಗ ನಿಮ್ದೊಂದ ಕೆಂಪಗ ತೋರಿಸಾಕತ್ತೈತಿ.’

‘ಸರ್ವರ್ ಬರವಲ್ತ್ರಿ ಸರ. ಮುಂಜಾನಿಂದ ಗಿರಕಿ ಹೊಡ್ಯಾಕತ್ತೈತಿ.’

‘ರಾತ್ರಿ ಹನ್ನೊಂದರ ಮ್ಯಾಲ ಚಲೋ ಬರತೈತ್ರಿ. ಆವಾಗ ಮಾಡ್ರಿ.’

‘ಆತ್ರಿ. ಈಗ ಪಾಠ ಮಾಡ್ಲ್ಯಾ?’

‘ಅಯ್ಯ, ಪಾಠ ಯಾರ ಬ್ಯಾಡಂದಾರ್ರಿ? ಮಾಡ್ರಿ ಮಾಡ್ರಿ. ಫೋಟೋ ಒಂದ್ ಗ್ರೂಪಿನ್ಯಾಗ ಹಾಕ್ರಿ.’

ಅಷ್ಟರಲ್ಲಿ ಗಂಟೆ ಬಾರಿಸಿತ್ತು. ಅರ್ಧ ರೊಟ್ಟಿ ಹಲಗೆಯ ಮೇಲೇ ಉಳಿಯಿತು. ಆ ಫೋಟೋ ಗ್ರೂಪಿಗೆ ಹೋಯಿತು, ‘ಚಟುವಟಿಕೆ ಆಧಾರಿತ ಕಲಿಕೆ’ ಎಂಬ ಶೀರ್ಷಿಕೆಯಡಿ ಮೂವತ್ತು ಹೆಬ್ಬೆರಳು ಬಿದ್ದವು.

ನಾಲ್ಕು ದಶಕದ ಈ ಮಹಾಯಜ್ಞದ ಫಲ ಇಷ್ಟು: ಮಗುವಿಗೆ ಕಂಪ್ಯೂಟರು ತಿಳಿಯಲಿಲ್ಲ, ಕಂಪ್ಯೂಟರಿಗೆ ಮಗುವಿನ ಎಲ್ಲವೂ ತಿಳಿಯಿತು. ಅದರ ಜಾತಿ, ಅದರ ಅಪ್ಪನ ಆದಾಯ, ರಕ್ತದ ಗುಂಪು, ಎತ್ತರ, ತೂಕ, ತಿಂದ ಮೊಟ್ಟೆ. ಅದಕ್ಕೆ ಓದುವುದಕ್ಕೆ ಬರುತ್ತದೆಯೋ ಇಲ್ಲವೋ ಎಂಬುದೊಂದು ಮಾತ್ರ ‘ಎ ಪ್ಲಸ್’ ಎಂದು ನಮೂದಾಗಿದೆ. ಯಾಕೆಂದರೆ ‘ಸಿ’ ಹಾಕಿದರೆ ಕಾರಣ ಟೈಪು ಮಾಡಬೇಕು.

ಮಕ್ಕಳಿಗೆ ಓದಲು ಬರುತ್ತದೆಯೇ ಎಂದು ನೋಡುವ ಅಸರ್ ಸಮೀಕ್ಷೆಯವರ ದಾರಿ ಇದಕ್ಕಿಂತ ನೇರ. ಅವರು ಮನೆಮನೆಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದು ಮಗಾ ಅಂತಾರೆ, ಅಷ್ಟೆ. 2024ರ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ. ಅದೇ ವರದಿಯಲ್ಲಿ 14ರಿಂದ 16 ವಯಸ್ಸಿನ ಹಳ್ಳಿ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಯಾವ ಲ್ಯಾಬು, ಯಾವ ಸಿಂಧು, ಯಾವ ಉಪಗ್ರಹ ಇವರಿಗೆ ಇದನ್ನು ಕಲಿಸಿತು? ಯಾರೂ ಕಲಿಸಲಿಲ್ಲ. ಅಣ್ಣನ ಫೋನು ಕದ್ದು ಕಲಿತರು. ತಾನಾಗಿ ಬರುವ ವಿದ್ಯೆಗೆ ನಾವು ಕೋಟಿಗಟ್ಟಲೆ ಸುರಿದು ಲ್ಯಾಬು ಕಟ್ಟಿದೆವು. ಯಾರಾದರೂ ಪಕ್ಕದಲ್ಲಿ ಕೂತು, ಬೆರಳಿಟ್ಟು ತೋರಿಸಿದರೆ ಮಾತ್ರ ಬರುವ ಓದಿಗೆ, ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿನ ಗೌರವಧನದ ಅತಿಥಿ ಶಿಕ್ಷಕರನ್ನು ಇಟ್ಟೆವು. ಅದೂ ಶಾಲೆ ಶುರುವಾಗಿ ಎಷ್ಟೋ ದಿನ ಆದಮೇಲೆ ಆದೇಶ ಬರುತ್ತದೆ. ‘ಅತಿಥಿ’ಯನ್ನು ಬೇಸಿಗೆ ರಜೆಗೆ ಮನೆಗೆ ಕಳಿಸುವ ಸಂಸ್ಕೃತಿ ನಮ್ಮ ಇಲಾಖೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಖಾಸಗಿ ಶಾಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ಪೋಷಕರು ದುಡ್ಡು ಕೊಟ್ಟು ಮೋಸ ಹೋಗುತ್ತಾರೆ, ಅದು ಅವರ ಹಕ್ಕು. ಯುಕೆಜಿಗೆ ರೊಬೊಟಿಕ್ಸ್ ಲ್ಯಾಬ್ ಎಂದು ಬ್ರೋಷರಿನಲ್ಲಿ ಮುದ್ರಿಸುತ್ತಾರೆ. ಮೂಗು ಸೀಟಿಕೊಳ್ಳುವುದು ಬಾರದ ಮಗು ರೊಬೊಟಿನ ಪಕ್ಕ ನಿಂತು ಫೋಟೋ ಕೊಡುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಬೈಜೂಸ್ 2022ರಲ್ಲಿ 22 ಶತಕೋಟಿ ಡಾಲರು ಬೆಲೆಬಾಳುವ ಕಂಪನಿ ಎನಿಸಿಕೊಂಡು, 2024ರಲ್ಲಿ ದಿವಾಳಿ ಪ್ರಕ್ರಿಯೆಯ ಕಟಕಟೆ ಹತ್ತಿತು. ಅದೇ ಎರಡು ವರ್ಷದಲ್ಲಿ ಎರಡನೇ ತರಗತಿಯಿಂದ ನಾಲ್ಕಕ್ಕೆ ಹೋದ ಮಕ್ಕಳ ಲೆಕ್ಕ ಯಾರೂ ಇಟ್ಟಂತಿಲ್ಲ. ಅತ್ತ ಸ್ವೀಡನ್ ಎಂಬ ಸಿರಿವಂತ ದೇಶ, ಶಾಲೆಯಲ್ಲಿ ಪರದೆ ಹೆಚ್ಚಾಯಿತು, ಮಕ್ಕಳ ಓದು ಸೊರಗಿತು ಎಂದು 2023ರಿಂದ ಅಚ್ಚಾದ ಪುಸ್ತಕ ಕೊಳ್ಳುವುದಕ್ಕೆ ದುಡ್ಡು ತೆಗೆದಿಟ್ಟಿದೆ. ನಾವು? 2026-27ರಿಂದ ಮೂರನೇ ತರಗತಿಗೇ ಕೃತಕ ಬುದ್ಧಿಮತ್ತೆಯ ಪಾಠ ಎಂದು ದೆಹಲಿ ಹೇಳಿಯಾಗಿದೆ. ಸಹಜ ಬುದ್ಧಿಮತ್ತೆಯ ಪಾಠ ಮಾಡಬೇಕಾದ ಹುದ್ದೆಗಳು ಖಾಲಿ ಇವೆ, ಅದು ಬೇರೆ ಫೈಲು.

ಎಸ್‌ಡಿಎಂಸಿಯಲ್ಲಿ ಇರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಒಂದು ಕೋರಿಕೆ. ಈ ವರ್ಷವೂ ನಿಮ್ಮೂರ ಶಾಲೆಗೆ ಯಾವುದಾದರೂ ಕಂಪನಿಯವರು, ಇಲ್ಲವೇ ಊರು ಬಿಟ್ಟು ಹೋಗಿ ಚೆನ್ನಾಗಿರುವ ಹಳೆಯ ವಿದ್ಯಾರ್ಥಿಗಳು ಸ್ಮಾರ್ಟ್ ಬೋರ್ಡು ಹಿಡಿದುಕೊಂಡು ಬಂದೇ ಬರುತ್ತಾರೆ. ಶಾಲು ಹೊದಿಸಿ, ಕಾಫಿ ಕೊಡಿ. ಆಮೇಲೆ ಮೆಲ್ಲಗೆ ಹೇಳಿ: ‘ಸ್ವಾಮಿ, ಇದಕ್ಕೆ ಲಕ್ಷದ ಮೇಲೆ ಆಗುತ್ತಂತಲ್ಲ. ತಿಂಗಳಿಗೆ ಹನ್ನೆರಡು ಸಾವಿರದಂತೆ ಹತ್ತು ತಿಂಗಳಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ. ನಮ್ಮ ಮಕ್ಕಳಿಗೆ ಲೆಕ್ಕದ ಟೀಚರಿಲ್ಲ, ಬೋರ್ಡು ಬದಲು ಒಬ್ಬರನ್ನು ಕೊಡಿಸಿ. ನಿಮ್ಮ ಹೆಸರನ್ನು ಗೋಡೆಯ ಮೇಲೆ ಇಷ್ಟೇ ದೊಡ್ಡದಾಗಿ ಬರೆಸುತ್ತೇವೆ.’ ಅವರು ಏನು ಹೇಳಿದರು ಎಂಬುದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಅದಕ್ಕೆ ಪೆನ್ನು ಸಾಕು.